ಒತ್ತಿ ಹಿಡಿದ ಗುಂಡಿ

ಮಂಡಕಳ್ಳಿಯ ಗೋಪುರದಲ್ಲಿ ಕೂತವರಿಗೆ
ನಂಜನಗೂಡಿನ ಕಡೆಯ ಮಳೆ ಮೊದಲು ಕಾಣುತ್ತದೆ,
ಆಮೇಲೆ ವಾಸನೆ, ಆಮೇಲೆ ಬೆಂಗಳೂರಿನ ಫೋನು.
ಅವತ್ತು ಮೂರೂ ಒಟ್ಟಿಗೆ ಬಂದವು.
ಕರೆಂಟು ಹೋಯಿತು, ಜನರೇಟರು ಕೆಮ್ಮಿ ಎದ್ದಿತು.
ಬೆಟ್ಟದ ಆಚೆ ಹೈದರಾಬಾದಿನ ವಿಮಾನ
ಇಳಿಯಲು ಅಪ್ಪಣೆಯಿಲ್ಲದೆ ಸುತ್ತುತ್ತಿತ್ತು,
ಅರವತ್ತೆರಡು ಜನ, ನಲವತ್ತು ನಿಮಿಷದ ಎಣ್ಣೆ.

ಇನ್ನೊಂದಿತ್ತು. ತರಬೇತಿ ಶಾಲೆಯ ಪುಟಾಣಿ,
ಎರಡೇ ಸೀಟು, ಅದರಲ್ಲೂ ಒಂದು ಖಾಲಿ.
ಹಂಪಾಪುರದ ಹುಡುಗಿ, ಒಂಟಿಯಾಗಿ ಹಾರಿದ್ದು ಮೂರನೆಯ ಸಲ.
ಹೆಸರು ಇಂಚರ.

ನಮ್ಮಲ್ಲಿ ಎಲ್ಲರಿಗೂ ಸೇರಿ ಒಂದೇ ಅಲೆ.
ಊರ ಬಾವಿಯ ಹಾಗೆ: ಒಬ್ಬರು ಕೊಡ ಇಳಿಸಿದಾಗ
ಮಿಕ್ಕವರು ಕಟ್ಟೆಯ ಮೇಲೆ ಕಾಯಬೇಕು.
ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಮಾತಿಲ್ಲ,
ತುಕ್ಕು ಹಿಡಿದ ರಾಟೆಯ ಕೀರಲು.

ಮೂರು ನಲವತ್ತಕ್ಕೆ ಅವಳು ಕೊಡ ಇಳಿಸಿದಳು. ಎತ್ತಲಿಲ್ಲ.

ಮೊದಲು ಎಂಜಿನ್ನಿನ ಗುಂಯ್. ಆಮೇಲೆ ಉಸಿರು.
ಆಮೇಲೆ, ಕಲಿತ ಇಂಗ್ಲಿಷೆಲ್ಲ ಮುಗಿದು, ಮನೆಯ ಮಾತು:
"ಟವರ್ ಯಾಕ್ ಮಾತಾಡ್ತಿಲ್ಲ...
ಹೇಳ್ರೀ ಯಾರಾದ್ರೂ...
ಸರ್, ನಾನ್ ಎಲ್ಲಿಗ್ ಹೋಗ್ಲಿ?"

ನಾನು ಹೇಳುತ್ತಲೇ ಇದ್ದೆ.
ಎಡಕ್ಕೆ ತಿರುಗು ಎಂದೆ, ಗುಂಡಿ ಬಿಡು ಎಂದೆ,
ನಿಯಮದ ಭಾಷೆಯಲ್ಲಿ ಎರಡು ಸಲ,
ಕನ್ನಡದಲ್ಲಿ ಒಂದು ಸಲ, ಬೈದು ಇನ್ನೊಂದು ಸಲ.
ಎಲ್ಲವೂ ಅವಳ ಪ್ರಶ್ನೆಗೇ ಬಡಿದು ಕೆಳಗೆ ಬಿದ್ದವು.
ಉತ್ತರವಿಲ್ಲ ಎಂದು ಅಳುವ ಬಾಯೇ
ಉತ್ತರದ ಬಾಗಿಲಿಗೆ ಅಡ್ಡ ನಿಂತಿತ್ತು.

ಹಾಟ್‌ಲೈನು ಹೊಡೆದುಕೊಂಡಿತು. ಬೆಂಗಳೂರು:
"ಹೈದರಾಬಾದಿನವರು ನಮ್ಮ ಅಲೆಗೆ ಬಂದಿದಾರೆ.
ನಿಮ್ಮಲ್ಲಿ ಯಾರೋ ಹುಡುಗಿ ಮಾತಾಡ್ತಿದಾಳಂತೆ?
ಕ್ಯಾಪ್ಟನ್‌ಗೆ ಕನ್ನಡ ಬರಲ್ಲ. ಏನಂತಿದಾಳೆ ಅಂತ ಕೇಳ್ತಿದಾರೆ."
ದಾರಿ ಕೇಳ್ತಿದಾಳೆ ಎಂದೆ.
ಸ್ವಲ್ಪ ಹೊತ್ತು ಬಿಟ್ಟು ಬೆಂಗಳೂರು ಹೇಳಿತು:
"ಅವಳು ಮೊದಲು ಇಳೀಲಿ. ಅವರು ಕಾಯ್ತಾರಂತೆ."

ಮೂಲೆಯಲ್ಲಿ ಸಿಗ್ನಲ್ ದೀಪ ತೂಗುತ್ತಿತ್ತು.
ಹದಿನಾಲ್ಕು ವರ್ಷದ ನೌಕರಿಯಲ್ಲಿ
ತಿಂಗಳಿಗೊಮ್ಮೆ ಧೂಳು ಒರೆಸಿ ಸಹಿ ಹಾಕಿದ್ದೇ ಹೊರತು
ಯಾರ ಮೇಲೂ ಬಿಟ್ಟಿದ್ದಿಲ್ಲ.
ಬಾಲ್ಕನಿಗೆ ಹೋದೆ. ಗಾಳಿ ಅಂಗಿಯೊಳಗೆ ನುಗ್ಗಿತು.
ಹಸಿರು, ಬಿಟ್ಟು ಬಿಟ್ಟು: ವಾಪಸು ಬಾ.
ಒಳಗೆ ಸ್ಪೀಕರಿನಲ್ಲಿ ಅವಳು ತನಗೆ ತಾನೇ ಪಾಠ ಒಪ್ಪಿಸುತ್ತಿದ್ದಳು,
"ರೇಡಿಯೊ ಸತ್ರೆ... ರೇಡಿಯೊ ಸತ್ರೆ ಟವರ್ ನೋಡು..."
ನೋಡು ಎಂದೆ,
ಯಾವ ತಂತಿಯೂ ಇಲ್ಲದೆ, ಬರೀ ಬಾಯಲ್ಲಿ.

"ಹಸ್ರು," ಅಂದಳು.
"ಹಸ್ರು! ಅಯ್ಯೋ, ಇದಾರೆ."

ರೆಕ್ಕೆ ಅಲ್ಲಾಡಿಸಿದಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ.
ಮೊಣಕೈಯನ್ನು ಕಂಬಿಗೆ ಒತ್ತಿ
ದೀಪವನ್ನು ಮಿಟುಕಿಸದೆ ಹಿಡಿದೆ: ಇಳಿ.
ಪಡುವಣ ಗಾಳಿಗೆ ಮೂತಿ ಕೊಟ್ಟು
ಒಂದು ಸಲ ಪುಟಿದು, ಎರಡನೆಯ ಸಲಕ್ಕೆ ನೆಲ ಹಿಡಿದಳು.
ಮಳೆ ಆಗಲೇ ರನ್‌ವೇಯ ಅರ್ಧಕ್ಕೆ ಬಂದಿತ್ತು.

ಎಂಜಿನ್ ನಿಲ್ಲಿಸಿ ಸ್ವಿಚ್ಚು ಆರಿಸಿದ ಮೇಲೇ
ಅಲೆ ತೆರೆದದ್ದು. ಸೆಕೆಂಡು ಎರಡು
ಯಾರೂ ಅದರೊಳಕ್ಕೆ ಮಾತು ಇಳಿಸಲಿಲ್ಲ.
ಹೈದರಾಬಾದಿನವರು ಹತ್ತೊಂಬತ್ತು ನಿಮಿಷಕ್ಕೆ ಬಂದರು, ಒದ್ದೆ ನೆಲಕ್ಕೆ.

ಮೆಕ್ಯಾನಿಕ್ ಚಾಂದ್ ಪೀರ್ ಗುಂಡಿಯನ್ನು ನೂರು ಸಲ ಒತ್ತಿ ನೋಡಿದ.
"ಸ್ಪ್ರಿಂಗ್ ಚೆನ್ನಾಗೇ ಇದೆ ಸರ್."
ಮೆಟ್ಟಿಲ ಬುಡದಲ್ಲಿ ನಿಂತಿದ್ದಳು ಇಂಚರ,
ಎಡಗೈ ಇನ್ನೂ ಏನನ್ನೋ ಹಿಡಿದುಕೊಂಡ ಆಕಾರದಲ್ಲೇ.
"ನೀವ್ಯಾಕೆ ಸರ್ ಮಾತಾಡ್ಲಿಲ್ಲ?"
ನಾನು ಹೆಬ್ಬೆರಳು ನೋಡಿದೆ.
ಉಗುರಿನ ಕೆಳಗೆ ಬಿಳಿ. ಆಗಷ್ಟೇ
ರಕ್ತ ತಿರುಗಿ ಬರುತ್ತಿತ್ತು.

ವರದಿಯಲ್ಲಿ ಕಾರಣಕ್ಕೆ ಒಂದು ಗೆರೆ ಜಾಗ.
ರಾತ್ರಿ ಎಂಟರವರೆಗೂ ಅದು ಖಾಲಿ ಇತ್ತು.
ಕೊನೆಗೆ ಬರೆದೆ, ಗುಂಡಿ ಒತ್ತಿಯೇ ಇತ್ತು ಎಂದು,
ಒತ್ತಿದವರು ಯಾರೆಂಬುದನ್ನು ಬಿಟ್ಟು.
ಕನ್ನಡದಲ್ಲಾಗಿದ್ದರೆ ಸುಲಭವಿತ್ತು,
ಇಂಗ್ಲಿಷಿನಲ್ಲಿ ಸ್ವಲ್ಪ ಒದ್ದಾಡಿದೆ.